ನೆತ್ತಿಯ ಕುಳಿ

ಜೊಂಬಾದ ದಫ್ತರಖಾನೆಯಲ್ಲಿ ನನ್ನ ಮೂರನೇ ಸೋಮವಾರ.
ಗುಮಾಸ್ತ ಮಕವಾ ಕನ್ನಡಕ ಏರಿಸಿ
"ಪೆನ್ಸಿಲ್ ಮಾತ್ರ" ಎಂದು ಮತ್ತೆ ನೆನಪಿಸಿ
ಗೆದ್ದಲು ತಿಂದು ಉಳಿಸಿದ ಕಟ್ಟೊಂದನ್ನು ಕೊಡುತ್ತಾನೆ.
ಹದಿನಾಲ್ಕರಿಂದ ಹದಿನೆಂಟರವರೆಗಿನ ಮಹಾಯುದ್ಧ
ಒಂದು ಮೊಳ ಉದ್ದ, ಒಂದೂವರೆ ಗೇಣು ಅಗಲ,
ನಡುವೆ ಯಾರದೋ ಚಹಾ ಲೋಟದ ಉಂಗುರ.

ನನಗೆ ಬೇಕಾದವನು ಒಬ್ಬನೇ ಒಬ್ಬ,
ನಮ್ಮಜ್ಜಿಯ ಅಪ್ಪ, ಚೆ ಲಿಪೆಂಗಾ.
ಲಿಪೆಂಗಾ ಎಂದರೆ ನಮ್ಮ ಮಾತಿನಲ್ಲಿ ಕಹಳೆ.
ಕೆಂಪು ಟೋಪಿ, ಹೆಗಲಿಗೆ ಕೋವಿ,
ರುವುಮಾ ನದಿಯಾಚೆಗೆ ಜರ್ಮನರನ್ನು ಅಟ್ಟಿದ ಸಿಪಾಯಿ.
ಇದು ಸೋದರಮಾವ ಕಸೀಮು ಹೇಳುವ ಕತೆ.
ಪ್ರತಿ ನವೆಂಬರಿನಲ್ಲೂ ಗಡಿಯಾರ ಗೋಪುರದ ಬುಡದಲ್ಲಿ
ಎರವಲು ಟೋಪಿ ತೊಟ್ಟು ನೆಟ್ಟಗೆ ನಿಲ್ಲುತ್ತಾನೆ;
ಬೆವರಿಗೆ ಟೋಪಿಯ ಬಣ್ಣ ಹಣೆಗಿಳಿದರೂ ಕದಲುವುದಿಲ್ಲ.

ಸಿಪಾಯಿಗಳ ಪಟ್ಟಿಯಲ್ಲಿ ಕಹಳೆ ಇಲ್ಲ.
'ಲ' ಬಿಟ್ಟು 'ರ'ದಲ್ಲೂ ಹುಡುಕಿದೆ,
ಬರೆದುಕೊಂಡವನ ಕಿವಿಯನ್ನು ನಂಬುವಂತಿಲ್ಲ.

ಕೇಳದೆಯೇ ಇನ್ನೊಂದು ಕಟ್ಟು ತಂದ ಮಕವಾ.
"ತೆಂಗತೆಂಗ" ಎಂದ ಮೆಲ್ಲಗೆ,
ಮಸೀದಿಯಂಗಳದಲ್ಲಿ ಬೈಗುಳ ಬಾಯಿಗೆ ಬಂದವನಂತೆ.
ಹೊರೆಯಾಳುಗಳು.
ಒಬ್ಬ ಸಿಪಾಯಿ ಮುಂದೆ ನಡೆಯಬೇಕಾದರೆ
ಅವನ ಅನ್ನ, ಅವನ ಗುಂಡು, ಅವನ ಧಣಿಯ ಸ್ನಾನದ ತೊಟ್ಟಿ
ಹೊತ್ತು ಹಿಂದೆ ನಡೆದವರು.

ಊರು: ಮಚಿಂಗಾ. ಹೆಸರು: ಸಿಕ್ಸ್‌ಪೆನ್ಸ್.
ಊರು: ಮಚಿಂಗಾ. ಹೆಸರು: ಬಾಟಲಿ.
ಹೆಸರು: ಸಾಬೂನು. ಹೆಸರು: ನಾಳೆ.
ಹೆಸರು: ಮತ್ತೆ ಸಿಕ್ಸ್‌ಪೆನ್ಸ್.
ಬರೆಯುವವನ ನಾಲಗೆ ಹೊರಳದಿದ್ದಾಗ
ಮೇಜಿನ ಮೇಲೆ ಏನಿತ್ತೋ ಅದೇ ನಾಮಕರಣ.

ಹನ್ನೊಂದು ಸಿಕ್ಸ್‌ಪೆನ್ಸ್‌ಗಳನ್ನು ಎಣಿಸಿದೆ.
ಒಬ್ಬನ ಮುಂದೆ 'ಭೇದಿ',
ಅವನ ಕೆಳಗಿನ ಆರು ಮಂದಿಗೆ ಬರೀ ಎರಡು ಚುಕ್ಕೆ:
ಮೇಲಿನಂತೆಯೇ, ಮೇಲಿನಂತೆಯೇ.
ಸಾಯುವುದಕ್ಕೂ ಸ್ವಂತದ್ದೊಂದು ಪದ ಸಿಗಲಿಲ್ಲ.
ಇಬ್ಬರಿಗೆ ಕೂಲಿ ಸಂದಿದೆ, ಹೆಬ್ಬೆಟ್ಟಿದೆ.
ಒಬ್ಬ ನದಿಪಾಲು.
ಉಳಿದವನು 'ಓಡಿಹೋದ', ಹದಿನೇಳರ ಮಾರ್ಚಿಯಲ್ಲಿ,
ಪಕ್ಕದಲ್ಲೇ ಬೇರೆ ಶಾಯಿಯಲ್ಲಿ,
'ಹಿಟ್ಟಿನ ಮೂಟೆ ಒಂದು, ಪತ್ತೆಯಿಲ್ಲ.'

ಪೆನ್ಸಿಲ್ ಕೆಳಗಿಟ್ಟೆ.
ಮಿನಿಬಸ್ಸಿನಲ್ಲಿ ಲಿವೊಂಡೆಯವರೆಗೂ
ಯಾರದೋ ಒಣಮೀನಿನ ಬುಟ್ಟಿ ತೊಡೆಯ ಮೇಲೆ.
ಮಾವನ ಟೋಪಿಗೆ ಏನು ಹೇಳಲಿ?

ಅಜ್ಜಿ, ಅಬಿತಿ ಲಿಪೆಂಗಾ, ನೆಲಗಡಲೆ ಸುಲಿಯುತ್ತಿದ್ದಳು.
ಎಲ್ಲ ಕೇಳಿದಳು, ಬೆರಳು ನಿಲ್ಲಿಸಲಿಲ್ಲ.
"ಅಪ್ಪನ ನೆತ್ತಿಯಲ್ಲಿ ಒಂದು ಕುಳಿಯಿತ್ತು ಕಣೇ,
ಇಷ್ಟು," ಅಂಗೈಯನ್ನು ಬಟ್ಟಲು ಮಾಡಿದಳು.
"ಸಂಜೆ ಗೋಡೆಗೊರಗಿ ಕೂತಾಗ
ನಾವು ಹುಡುಗರು ಅದರೊಳಗೆ ಕಡಲೆ ಇಡುತ್ತಿದ್ದೆವು.
ಐದು ಹಿಡಿಯುತ್ತಿತ್ತು.
ಒಂದೂ ಉರುಳದಂತೆ ಅಲುಗದೆ ಕೂರುತ್ತಿದ್ದ.
ಕೋವಿ ಹೊತ್ತವನಿಗೆ ಹೆಗಲು ಸವೆದೀತು,
ನೆತ್ತಿ ಯಾಕೆ ಸವೆಯುತ್ತೆ?
ಸಿಂಬಿ ಸುತ್ತಿಕೊಳ್ಳಲು ಒಂದು ಚಿಂದಿಯನ್ನೂ ಕೊಡಲಿಲ್ಲವಂತೆ."

ಹಾಗಾದರೆ ನಿನಗೆ ಗೊತ್ತಿತ್ತೇ?

"ಶಾಲೆಯಲ್ಲಿ ಬೇರೆ ಹುಡುಗರ ತಾತಂದಿರೆಲ್ಲ ಸಿಪಾಯಿಗಳು.
ಕಸೀಮು ಅಳುತ್ತ ಬಂದ.
ಟೋಪಿ ಇಟ್ಟರೆ ಕುಳಿ ಮುಚ್ಚುತ್ತದೆ. ಇಟ್ಟೆ."

ಮತ್ತೆ ಆ ಹಿಟ್ಟಿನ ಮೂಟೆ?

ಆಗ ನಕ್ಕಳು, ವಸಡು ಕಾಣುವಷ್ಟು.
"ನಮ್ಮನೆಗಂತೂ ಬರಲಿಲ್ಲ.
ಒಬ್ಬನೇ ಓಡಿದ್ದು ಅಂತ ಬರೆದಿದೆಯೇನು ಅದರಲ್ಲಿ?"

ಆ ಹನ್ನೊಂದನೆಯವನೇ ನಮ್ಮವನು ಎನ್ನಲು ಸಾಕ್ಷಿಯಿಲ್ಲ.
ಹೆಬ್ಬೆಟ್ಟೊತ್ತಿದ ಇಬ್ಬರಲ್ಲಿ ಒಬ್ಬನೂ ಇರಬಹುದು.
ನದಿಪಾಲಾದವನಲ್ಲ, ನಾನು ಇದ್ದೇನಲ್ಲ.
ಮುಂದಿನ ಸೋಮವಾರ ಮತ್ತೆ ಹೋಗಬೇಕು,
ಇನ್ನೊಂದು ಪೆನ್ಸಿಲ್ ಕೊಳ್ಳಬೇಕು.
'ನಾಳೆ' ಎಂಬ ಹೆಸರಿನವರನ್ನು
ನಾನಿನ್ನೂ ಎಣಿಸಿಲ್ಲ.