ಬಾಲದ ಕಡೆ

ಮಂಡಗದ್ದೆಯ ಟೈಲರ್ ದಸ್ತಗೀರ್ ಸಾಬರು
ಅಂಗಿಗಾದರೆ ಅರ್ಧ ಇಂಚು ಬಿಟ್ಟುಕೊಡುವವರಲ್ಲ.
ಆ ಬಾಳೆಮೀನಿಗೆ ಮಾತ್ರ
ಟೇಪು ಕೊರಳಲ್ಲೇ ನೇತಾಡುತ್ತಿತ್ತು,
ಅಳತೆಯೆಲ್ಲ ಎರಡು ಕೈಯಲ್ಲಿ.

ಗೌರಿಹಬ್ಬದ ಬಟ್ಟೆಗಳನ್ನೆಲ್ಲ ಮುಗಿಸಿ ಹೋದ ರಾತ್ರಿಯಂತೆ,
ತುಂಗೆ ಕೆಂಪಗೆ.
ಗಾಳಕ್ಕೆ ಕೋಳಿಕರುಳು.
ಬೆಂಡು ಮುಳುಗಿತು, ತಂಗೂಸಿ ಅಂಗೈ ಕೊಯ್ದಿತು,
ಬಂಡೆಸಂದಿಯಲ್ಲಿ ಒಂದೇ ಸಲ ಹೊರಳಿ
ಬೆಳ್ಳಗೆ ಹೊಟ್ಟೆ ತೋರಿಸಿ
ಹೋಯಿತು.

ನಾನು ಅಲ್ಲಿ ಕಾಜಾ ಹೊಲಿಯುವ ಹುಡುಗನಾಗಿದ್ದಾಗ
ಮೀನು ಮೊಳದುದ್ದ.
ನನ್ನ ಮದುವೆಯ ಸೂಟು ಹೊಲಿಯುವಾಗ
ಕತ್ತರಿಮೇಜಿನಾಚೆ ಬಾಲ.
ನಗುತ್ತಿದ್ದೆವು. ಅವರೂ.

ಹೋದ ವರ್ಷ ಲಕ್ವ ಹೊಡೆದು
ಎಡಗೈ ಮಡಿಲಲ್ಲಿ ಬಿದ್ದುಕೊಂಡಿದೆ.
ಮೊನ್ನೆ ಯಾರೋ ಹೊಸಬರು ಕೇಳಿದರು, ಎಷ್ಟು ದೊಡ್ಡದು ಸಾಬ್ರೆ?
ಬಲಗೈ ಎತ್ತಿ, ತಲೆ ಇಲ್ಲಿ, ಎಂದರು.
ಆಮೇಲೆ ಸುಮ್ಮನೆ
ಎದುರಿನ ಖಾಲಿ ಜಾಗ ನೋಡಿದರು.

ಎದ್ದು ನಿಂತು ಕೈಚಾಚಿದೆ: ಬಾಲ ಇಲ್ಲಾ?
“ಹಿಂದಕ್ಕೆ ಹೋಗೋ.”
ಹೋದೆ.
“ಇನ್ನೂ.”
ಹೊಸ್ತಿಲು ದಾಟಿದೆ, ಮೆಟ್ಟಿಲಿಳಿದೆ,
ತೀರ್ಥಹಳ್ಳಿ ಬಸ್ಸು ಹಾರನ್ ಹೊಡೆದು ಹೊಡೆದು
ನಿಂತಿತು.
ಮೀನು ಅಡ್ಡ ಇತ್ತಲ್ಲ.