ಗೇಣು, ನಾಲ್ಕು ಬೆರಳು

ಡಿಸೆಂಬರಿನ ಗ್ದಾನ್ಸ್ಕಿಗೆ ಮಧ್ಯಾಹ್ನವೆಂದರೆ
ಚಪ್ಪಲಿ ಬಿಡದೆ ಹೊಸ್ತಿಲಿಂದಲೇ ಮರಳುವ ನೆಂಟ.
ಮೂರೂವರೆಗೇ ಕತ್ತಲು.
ಅಲೆಯಂತೆ ಬಳುಕಿ ನಿಂತ ಈ ಉದ್ದನೆ ಕಟ್ಟಡದಲ್ಲಿ,
ಏಳನೇ ಮಹಡಿಯಲ್ಲಿ, ಒಂದೇ ಒಂದು ಕಿಟಕಿ ನೀಲಿ.
ಅದು ನನ್ನದು.

ಲಿಫ್ಟಿನಲ್ಲಿ ಸಿಕ್ಕ ಯಾದ್ವಿಗಾ ಕೇಳಿದಳು:
"ಗೆರಾರ್ಡ್, ಮನೆಯಲ್ಲೂ ಬೆಸುಗೆ ಹಾಕ್ತಿದ್ದೀಯೇನು?"
ಮೂವತ್ತೆಂಟು ವರ್ಷ ಹಡಗು ಕಟ್ಟುವ ಅಂಗಳದಲ್ಲಿ
ಕಪ್ಪು ಗಾಜಿನ ಹಿಂದೆ ನಿಂತು
ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿದವನು.
ಬೆಳಕಿನ ವಿಷಯದಲ್ಲಿ ನನಗೆ
ಯಾರೂ ಪಾಠ ಹೇಳಬೇಕಿಲ್ಲ ಅಂದುಕೊಂಡಿದ್ದೆ.

ಅಂಗಡಿಯ ಹುಡುಗ ಮೂರು ಬಗೆ ತೋರಿಸಿದ.
ಹಳೆಯ ಹಾಲೈಡ್: ಒಲೆಯಂತೆ ಕಾಯುತ್ತದೆ, ಕರೆಂಟು ಕುಡಿಯುತ್ತದೆ,
ಆದರೆ ನೀರು ನಡುಗಿದರೆ ಸಾಕು, ತಳದ ಮರಳಿನ ಮೇಲೆಲ್ಲ
ಬೆಳಕಿನ ಬಲೆ ಓಡಾಡುತ್ತದೆ.
ಕೊಳವೆ ದೀಪಗಳು: ಮೋಡದ ದಿನದ ಹಾಗೆ
ಎಲ್ಲಕ್ಕೂ ಸಮ, ನೆರಳಿಗೇ ಜಾಗವಿಲ್ಲ.
ಮತ್ತೆ ಎಲ್‌ಇಡಿ, ಅಂಗೈಯಗಲದ್ದು, ಎರಡು ಗುಂಡಿ:
ಬಿಳಿ ನಮ್ಮ ಕಣ್ಣಿಗೆ, ನೀಲಿ ಅವುಗಳ ಹೊಟ್ಟೆಗೆ.
ಅದನ್ನೇ ತಂದೆ. ಮಗಳಿಗೆ ಅರ್ಧ ಬೆಲೆ ಹೇಳಿದೆ.

ತಂದ ದಿನವೇ ನೂರಕ್ಕೆ ನೂರು,
ನೀರಿಗೆ ತಾಗುವಷ್ಟು ತಗ್ಗಿಸಿ.
ಹಸಿದವರಿಗೆ ಬಡಿಸುವಾಗ ಯಾರು ಅಳೆಯುತ್ತಾರೆ?

ಒಂಬತ್ತನೇ ದಿನ
ಕಂದು ಕವಲುಹವಳ ತುದಿಯಿಂದ ಬೆಳ್ಳಗಾಗತೊಡಗಿತು.
ಸತ್ತಿರಲಿಲ್ಲ. ಅದೇ ಕಷ್ಟ.
ಮೈಯೊಳಗೇ ಬಾಡಿಗೆಗಿದ್ದು, ಬೆಳಕನ್ನೇ ಅಟ್ಟು
ಉಣಿಸುತ್ತಿದ್ದ ಪಾಚಿಯ ಕಣಗಳನ್ನು
ತಾನೇ ಹೊರಗಟ್ಟಿ,
ಎಲುಬು ಕಾಣುವಷ್ಟು ತೆಳ್ಳನೆಯ ಚರ್ಮ ಹೊದ್ದು
ಕೂತಿತ್ತು, ಅಷ್ಟೊಂದು ಬೆಳಕಿನಲ್ಲಿ, ಉಪವಾಸ.

ಲುಬೋಮಿರ್ ನೆನಪಾದ.
ಎಪ್ಪತ್ತೊಂಬತ್ತರ ಹಿಮಗಾಲ, ಹದಿನೆಂಟು ತುಂಬದ ಹುಡುಗ.
ಒಂದು ಚುಕ್ಕೆ ಬೆಸುಗೆಗೆ ಮುಖವಾಡ ಯಾಕೋ, ಅಂದಿದ್ದೆ.
ನಾನೇ.
ರಾತ್ರಿ ಎರಡಕ್ಕೆ ಅವನ ಕಣ್ಣಿಗೆ ಮರಳು ಸುರಿದ ಉರಿ.
ಅವನ ತಾಯಿ ಹಸಿ ಆಲೂಗಡ್ಡೆ ಹೆಚ್ಚಿ
ರೆಪ್ಪೆಗಳ ಮೇಲಿಟ್ಟು ಕೂತಿದ್ದಳು.
ನಾನು ಬಾಗಿಲಲ್ಲಿ, ಟೋಪಿ ಕೈಯಲ್ಲಿ.
ಬೈಯಲಿಲ್ಲ. "ನಿಂತಿದ್ದೀಯಲ್ಲ,
ಈ ಸಿಪ್ಪೆ ಬಕೆಟ್ಟಿಗೆ ಹಾಕು" ಅಂದಳು, ಅಷ್ಟೆ.

ಹವಳಕ್ಕೆ ರೆಪ್ಪೆಯೂ ಇಲ್ಲ.

ಮೊಮ್ಮಗಳು ಕಾಲಿನಾ ಕಾಲೇಜಿನಿಂದ ಮೀಟರ್ ತಂದಳು.
ಕಡ್ಡಿ ನೀರಿಗಿಳಿಸಿ, ಬಂಡೆಯಿಂದ ಬಂಡೆಗೆ,
ಜ್ವರ ನೋಡಿದ ಹಾಗೆ ನೋಡಿದಳು.
"ತಾತಾ, ಇಲ್ಲಿ ಆರುನೂರು! ಬೇಯಿಸ್ತಿದ್ದೀಯ."
ಹಳೆಯ ಸರಳು ಬಗ್ಗಿಸಿ ಚಾಚುಗೈ ಮಾಡಿದೆ.
ದೀಪ ಈಗ ನೀರಿನಿಂದ ಒಂದು ಗೇಣು, ನಾಲ್ಕು ಬೆರಳು ಮೇಲೆ,
ನಡುವಿನಿಂದ ತುಸು ಹಿಂದಕ್ಕೆ,
ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಕುಕ್ಕದಂತೆ ಓರೆ.
ಅಣಬೆಹವಳ ಕೆಳಗೆ, ಕಲ್ಲಿನ ಚಾವಣಿಯ ನೆರಳಿಗೆ.
ಬೆರಳಾಡಿಸುವುದು ನಡುವೆ, ಪಕ್ಕಕ್ಕೆ.
ಬಿಳಿಚಿದ್ದನ್ನೂ ಸದ್ಯಕ್ಕೆ ತಳಕ್ಕೇ ಇಳಿಸಿದೆ.
ನೂರಕ್ಕೆ ಮೂವತ್ತರಿಂದ ಶುರು,
ವಾರಕ್ಕೆ ಎರಡರಂತೆ ಏರಿಕೆ.
ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ
ಹೀಗೇ ಮಾಡಬೇಕಿತ್ತು.

ಲುಬೋಮಿರ್ ಎಲ್ಬ್ಲಾಂಗಿನಲ್ಲಿ ಸೈಕಲ್ ರಿಪೇರಿ ಮಾಡುತ್ತಾನಂತೆ.
ಯಾರದೋ ಹತ್ತಿರ ನಂಬರ್ ಸಿಕ್ಕಿತು.
ಏನು ಬರೆಯಲಿ ತಿಳಿಯದೆ ತೊಟ್ಟಿಯ ಫೋಟೋ ಕಳಿಸಿದೆ.
ಎರಡು ದಿನ ಉತ್ತರವಿಲ್ಲ.

ಫೆಬ್ರವರಿಯಲ್ಲಿ, ಒಂದು ಸಂಜೆ,
ಕವಲಿನ ಬುಡದಲ್ಲಿ ಚಹಾ ಚೆಲ್ಲಿ ಒಣಗಿದಷ್ಟು ಕಂದು.
ಕನ್ನಡಕ ಒರೆಸಿ ನೋಡಿದೆ. ಅಲ್ಲೇ ಇತ್ತು.
ಯಾದ್ವಿಗಾಳನ್ನು ಕೂಗಿದೆ; ಅವಳಿಗೇನೂ ಕಾಣಲಿಲ್ಲ,
ಆದರೂ ಕುರ್ಚಿ ಎಳೆದು ಕೂತಳು.

ಅಂದಹಾಗೆ, ಮೂರನೇ ದಿನ ಉತ್ತರ ಬಂದಿತ್ತು:
"ದೀಪ ಇನ್ನೂ ತಗ್ಗಿದೆ, ಮೇಸ್ತ್ರಿ.
ಎರಡು ಬೆರಳು ಎತ್ತು."
ಎತ್ತಿದ್ದೇನೆ.