ಎಡಬದಿಯ ಪಟ್ಟಿ

ಮೊದಲು ಬೆಚ್ಚಗಾಗಿಸಬೇಕು.
ಹಳೆಯ ಅಂಟು ಅವಸರಕ್ಕೆ ಬಗ್ಗುವುದಿಲ್ಲ.
ತಲೆಗೂದಲು ಒಣಗಿಸುವ ಯಂತ್ರವನ್ನೇ ಹಿಡಿದು
ಲಾಂಛನದ ಸುತ್ತ ನಿಧಾನ ಓಡಾಡಿಸುತ್ತೇನೆ,
ಆಮೇಲೆ ಗಾಳದ ದಾರ, ಎರಡೂ ಕೈಗೆ ಸುತ್ತಿ,
ಅದರ ಬೆನ್ನಿಗೆ ಗರಗಸದಂತೆ ಅತ್ತಿತ್ತ.
ಉಳಿ ಹಾಕಿ ಕೀಳುವವರ ಕೈಗೆ ಕಾರು ಕೊಡಬೇಡ
ಎಂದೆ ಹುಡುಗನಿಗೆ.

ಗ್ರೇಡನ್ ಅಂತ ಹೆಸರು.
ಸುಪೀರಿಯರ್ ಸರೋವರದ ಅದಿರು ಹಡಗಿನಲ್ಲಿ ಅಡುಗೆಯವನು.
ಮೂರು ವರ್ಷದ ಸಂಬಳ ಸುರಿದು ತಂದಿದ್ದಾನೆ
ನನಗಿಂತ ಇಪ್ಪತ್ತು ವರ್ಷ ಚಿಕ್ಕದಾದ,
ತನಗಿಂತ ಇಪ್ಪತ್ತೈದು ವರ್ಷ ದೊಡ್ಡದಾದ
ಈ ಹಸಿರು ಕಾರು, ಎರಡೇ ಸೀಟು.
'ಎಡಬದಿಯ ಪಟ್ಟಿ ಹಿಂದೆ ಹಿಂದೆ ಹೋದಂತೆ ಮೇಲೇರಿದೆ,
ನೆಟ್ಟಗೆ ಮಾಡಿಕೊಡು, ಐಲಿ.'
ಅಳೆದೆ. ಮೂರು ಮಿಲಿಮೀಟರು.
ಬಲಬದಿಯದು ನೂಲು ಹಿಡಿದ ಹಾಗಿತ್ತು.

ನಮ್ಮ ಮಾರ್ಕೆಟ್ ಊರಲ್ಲಿ ಚಳಿಗಾಲವೆಂದರೆ ಅರ್ಧ ವರ್ಷ,
ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು.
ಉಪ್ಪು ತಿಂದ ಕಬ್ಬಿಣ ನೀರು ಕುಡಿಯಲೇಬೇಕು,
ಕುಡಿಯುತ್ತದೆ,
ಹೊಳೆಯುವ ಪಟ್ಟಿಯ ಮರೆಯಲ್ಲಿ, ಯಾರೂ ನೋಡದಲ್ಲಿ.
ಹದಿನಾಲ್ಕು ಕ್ಲಿಪ್ಪುಗಳಲ್ಲಿ ಒಂಬತ್ತಕ್ಕೆ ಹಲ್ಲಿಲ್ಲ.
ಹತ್ತನೆಯದು ನನ್ನ ಕೈಯಲ್ಲೇ ಪುಡಿಯಾಯಿತು.

ಪಟ್ಟಿ ಬಂತು.
ಕೆಳಗೆ, ಗಡಿಯಾರ ಬಿಚ್ಚಿದ ಮಣಿಕಟ್ಟಿನಂತೆ
ಎಪ್ಪತ್ತೆರಡರಿಂದ ಬಿಸಿಲು ಕಾಣದ ಹಸಿರು.
ಅದರ ಮೇಲೆ ಹಳದಿ ಮೇಣದ ಪೆನ್ಸಿಲಿನಲ್ಲಿ
ಎರಡೇ ಗೀಟಿನ ಒಂದು ಮೀನು.

ಆ ಮೀನು ನನ್ನದು.

ಕೆಳಗಿನ ಸೀಮೆಯ ಕಾರ್ಖಾನೆ, ಎರಡನೆಯ ಪಾಳಿ.
ಎಡಕ್ಕೆ ನಾನು, ಬಲಕ್ಕೆ ಒಡೆಸ್ಸಾ ಪ್ರಿಂಗಲ್,
ನಡುವೆ ಸರಿಯುತ್ತಲೇ ಇರುವ ಕಾರು.
ಒಂದೊಂದಕ್ಕೆ ಐವತ್ತೆಂಟು ಸೆಕೆಂಡು:
ಅಚ್ಚು ಒತ್ತು, ತೂತು ಕೊರೆ, ಕ್ಲಿಪ್ಪು, ಪಟ್ಟಿ, ಗುದ್ದು, ಗುರುತು.
ಒಂದು ವಾರ ನನ್ನ ಅಚ್ಚು ಮುರಿದಿತ್ತು.
'ಕಣ್ಣಳತೆ ಸಾಕು,' ಎಂದ ಮೇಸ್ತ್ರಿ, ನೋಡದೆಯೇ.
ಒಡೆಸ್ಸಾ ಕಾರಿನ ಮಾಡಿನ ಮೇಲಿಂದ
ತನ್ನ ಮನೆ ಮಾಲಿಕನ ಬಾತುಕೋಳಿಯ ಕತೆ ಕೂಗುತ್ತಿದ್ದಳು,
ಬಾಡಿಗೆ ಕೇಳಲು ಅವನ ಹಿಂದೆಯೇ ಬಂದು
ಅವನನ್ನೇ ಕಚ್ಚಿದ್ದು.
ಈ ಕಾರಿಗೆ ನಾನು ನಕ್ಕಿದ್ದೆನೋ,
ತೂಕಡಿಸಿದ್ದೆನೋ,
ಹೇಗೆ ನೆನಪಿರಬೇಕು? ದಿನಕ್ಕೆ ನಾನೂರು ಕಾರು.

ತೂತು ಎಲ್ಲಿದೆಯೋ ಪಟ್ಟಿ ಅಲ್ಲಿಗೇ.
ಸರಿಸಬೇಕೆಂದರೆ ತೂತು ಮುಚ್ಚಬೇಕು,
ಹದಿನಾಲ್ಕನ್ನೂ,
ಬೆಸೆದು, ಉಜ್ಜಿ, ಬಣ್ಣ ಬಳಿದು. ನಾಲ್ಕು ದಿನ ಹಿಡಿಯಿತು.
ಕೂಲಿ ಎಷ್ಟೆಂದು ಕೇಳಿದ ಹುಡುಗ.
ಟೇಪಿನ ದುಡ್ಡು ಕೊಡು ಸಾಕು ಎಂದೆ.
'ಅದು ಹೇಗೆ?'
'ಇನ್ನೂ ಗ್ಯಾರಂಟಿ ಇದೆ.'
ತಮಾಷೆ ಎಂದುಕೊಂಡು ನಕ್ಕ.

ಹೊಸ ಪಟ್ಟಿಗೆ ಕ್ಲಿಪ್ಪಿಲ್ಲ, ಎರಡು ಮುಖದ ಟೇಪು.
ಒಲೆ ಹಚ್ಚಿ ಕೊಟ್ಟಿಗೆಯನ್ನು ಇಪ್ಪತ್ತು ಡಿಗ್ರಿಗೆ ತಂದೆ,
ಚಳಿ ಹಿಡಿದ ತಗಡಿಗೆ ಯಾವುದೂ ಅಂಟದು.
ದಾರ ಎಳೆದು ಗೆರೆ ಕಟ್ಟಿದೆ,
ಗೆರೆಗುಂಟ ಸ್ಪಿರಿಟ್ಟಿನಲ್ಲಿ ಒರೆಸುತ್ತ ಬಂದೆ.
ಬಣ್ಣ ಬಳಿಯುವಾಗ ಸುತ್ತ ಕಾಗದ ಅಂಟಿಸಿ
ಉಳಿಸಿಕೊಂಡಿದ್ದ ಮೀನು
ಸರಿಯಾಗಿ ಟೇಪು ಬರುವ ಜಾಗದಲ್ಲಿ.
ಮೇಣದ ಮೇಲೆ ಅಂಟು ನಿಲ್ಲುವುದಿಲ್ಲ.
ಒರೆಸಿದೆ. ಬಟ್ಟೆ ಒಂದಿಷ್ಟು ಹಳದಿಯಾಯಿತು.

ಆಮೇಲೆ ಹೆಬ್ಬೆರಳು, ಬರಿಯ ಹೆಬ್ಬೆರಳು,
ಮುಂದಿನಿಂದ ಹಿಂದಕ್ಕೆ ಒತ್ತುತ್ತ,
ಗಾಳಿ ಹೊರಗೆ ಹೋಗುವಂತೆ.

ಒಂದು ದಿನ ನೀರು ಸೋಕಿಸಬೇಡ, ಎಂದೆ.
ರಭಸದ ನೀರನ್ನು ಅಂಚಿಗೆ ಬಿಡಬೇಡ, ಎಂದೂ.
ಸಂದಿಗೆ ಹಲ್ಲುಜ್ಜುವ ಬ್ರಷ್ಷು, ಹಳೆಯದಾದಷ್ಟೂ ಒಳ್ಳೆಯದು,
ಮೊದಲ ಉಪ್ಪು ಬೀಳುವ ಮುಂಚೆ ಮೇಣ.
ಕಪ್ಪು ರಬ್ಬರು ನರೆತರೆ ಗಾಬರಿ ಬೇಡ,
ಎಲ್ಲರದೂ ನರೆಯುತ್ತದೆ.

ಅವನು ಕಾರಿನ ಸುತ್ತ ಎರಡು ಸುತ್ತು ಬಂದ,
ದೂರ ನಿಂತು ಒಂದು ಕಣ್ಣು ಮುಚ್ಚಿದ:
'ಈಗ ನೋಡಿದರೆ ಬಲಗಡೆಯದೇ
ಕೊಂಚ ಇಳಿದ ಹಾಗಿದೆ, ಅಲ್ವಾ?'

ಇರಬಹುದು. ಅಳೆಯಲಿಲ್ಲ.
ಅದನ್ನು ಮುಟ್ಟಬೇಡ, ಎಂದೆ,
ಅದು ಒಡೆಸ್ಸಾಳ ಕೆಲಸ.